ಸಂಜೆ ಶಾಲೆಯ ಅಕ್ಕ, ಮಾಸ್ಟ್ರು

ಶಾಲೆಯ ಸಂಚಿಕೆಗೆ ಹಳೆಯ ವಿದ್ಯಾರ್ಥಿಗಳು ಬರೆಯಬೇಕೆಂದು ಸಂಪಾದಕ ಮಂಡಳಿಯವರು ಕೇಳಿದ್ದಾರೆ. ಹಗಲಿನ ಶಾಲೆಯ ಬಗ್ಗೆ ಬರೆಯಲು ಬಹಳ ಮಂದಿ ಇದ್ದಾರೆ. ಇದೇ ಕಟ್ಟಡದ ಮೂಲೆ ಕೊಠಡಿಯಲ್ಲಿ ಸಂಜೆ ಆರೂವರೆಗೆ ಬಾಗಿಲು ತೆರೆಯುತ್ತಿದ್ದ ಮುಂದುವರಿಕೆ ಶಿಕ್ಷಣ ಕೇಂದ್ರವನ್ನು ನೆನೆಯುವವರು ಕಡಿಮೆ. ಅಲ್ಲಿ ಪ್ರೇರಕಿ, ಅಂದರೆ ಕೇಂದ್ರ ನಡೆಸುವ ಹೊಣೆ ಹೊತ್ತವರಾಗಿದ್ದ ಅಕ್ಕ ಕಳೆದ ಮಳೆಗಾಲದಲ್ಲಿ ತೀರಿಕೊಂಡರು. ಉಪಪ್ರೇರಕರಾಗಿದ್ದ ಮಾಸ್ಟ್ರು ಅವರಿಗಿಂತ ಮೊದಲೇ ಹೋದರು. ಒಂಬತ್ತು, ಹತ್ತನೇ ತರಗತಿಯ ನಾವು ಕೆಲವರು ಅಲ್ಲಿ ಸ್ವಯಂಸೇವಕರು. ಹತ್ತನೇ ತರಗತಿಯಲ್ಲಿ ಓದಿದ್ದು ಏನೆಂದು ಕೇಳಿದರೆ ಇವತ್ತು ಹೇಳಲಾರೆ. ಅವರಿಬ್ಬರೂ ಕೇಂದ್ರ ನಡೆಸುತ್ತಿದ್ದ ಕ್ರಮ ಮಾತ್ರ ಚಾಚೂ ತಪ್ಪದೆ ನೆನಪಿದೆ.

ದೊಡ್ಡವರಿಗೆ ಅಕ್ಷರ ಕಲಿಸುವ ರಾಷ್ಟ್ರೀಯ ಸಾಕ್ಷರತಾ ಮಿಷನ್ ಶುರುವಾದದ್ದು 1988ರ ಮೇ 5ರಂದು. ಆಂದೋಲನದ ಅಬ್ಬರ ಮುಗಿದ ಮೇಲೆ, ಎರಡರಿಂದ ಎರಡೂವರೆ ಸಾವಿರ ಜನಸಂಖ್ಯೆಗೆ ಒಂದರಂತೆ ಈ ಕೇಂದ್ರಗಳು ಬಂದವು. ಬಿಟ್ಟುಹೋದವರಿಗೆ ಅಕ್ಷರ, ಕಲಿತವರಿಗೆ ಓದು, ಎರಡೂ ಕೇಂದ್ರದ ಪಾಲು. ಕಾಗದದ ಮೇಲೆ ಇಷ್ಟೇ. ಕೊಡಗಿನ ಸಿದ್ದಾಪುರದ ಕಡೆಯ ಕಾಫಿ ತೋಟ, ಕೂಲಿಯವರ ಲೈನ್ ಮನೆ, ಬುಡಕಟ್ಟಿನವರ ಹಾಡಿಗಳ ನಡುವೆ ಇದನ್ನು ನಡೆಸುವುದು ಬೇರೆಯೇ ವಿದ್ಯೆ.

ಅಕ್ಕನ ವರ್ಷ ಶುರುವಾಗುತ್ತಿದ್ದುದು ಮೇ ಕೊನೆಯಲ್ಲಿ ಮಾಡುವ, ಓದು ಬಾರದವರ ಸಮೀಕ್ಷೆಯಿಂದ. ಡಿಸೆಂಬರಿನಲ್ಲಿ ಮಾಡಿದರೆ ಕಾಫಿ ಹಣ್ಣು ಕುಯ್ಯಲು ಬಂದ ಹೊರಗಿನವರ ಹೆಸರೂ ಸೇರುತ್ತದೆ. ಮಾರ್ಚ್ ಕಳೆದರೆ ಅವರು ಊರಿನಲ್ಲಿರುವುದಿಲ್ಲ, ಪಟ್ಟಿಯಲ್ಲಿ ಮಾತ್ರ ಇರುತ್ತಾರೆ. ‘ಓದಲು ಬರುತ್ತದಾ?’ ಎಂದು ಯಾರನ್ನೂ ಕೇಳಕೂಡದು ಎನ್ನುವುದು ಅವರ ಮೊದಲ ಕಟ್ಟಳೆ. ಹಾಗೆ ಕೇಳಿದರೆ ನಾಚಿಕೆಗೆ ಕೆಲವರು ‘ಹ್ಞೂಂ’ ಎನ್ನುತ್ತಾರೆ, ಕೆಲವರು ‘ನಮಗ್ಯಾಕೆ ಅದೆಲ್ಲ’ ಎಂದು ಒಳಗೆ ಹೋಗುತ್ತಾರೆ. ಅಕ್ಕ ರೇಷನ್ ಕಾರ್ಡ್ ಕೇಳುತ್ತಿದ್ದರು. “ಇದರಲ್ಲಿ ನಿಮ್ಮ ಹೆಸರು ಎಲ್ಲುಂಟು, ಸ್ವಲ್ಪ ತೋರಿಸಿ ಚಿಕ್ಕಮ್ಮ, ನನಗೆ ಈ ಕತ್ತಲಲ್ಲಿ ಕಾಣುವುದಿಲ್ಲ.” ಬೆರಳು ಎಲ್ಲಿ ಹೋಗಿ ನಿಂತಿತು ಎಂಬುದನ್ನು ನೋಡಿ ಪುಸ್ತಕದಲ್ಲಿ ಗುರುತು: ಪೂರ್ತಿ ಬಾರದವರು, ಅಕ್ಷರ ಕೂಡಿಸಿ ಓದುವವರು, ಹಿಂದೆ ಕಲಿತು ಮರೆತವರು. ಮೂವರಿಗೂ ಬೇರೆ ಬೇರೆ ಚಾಪೆ. ಮರೆತವರನ್ನು ಬಾರದವರ ಜೊತೆ ಕೂರಿಸಿದರೆ ವಾರದೊಳಗೆ ಬೇಸತ್ತು ಬಿಡುತ್ತಾರೆ, ಹೋಗುವಾಗ ಇನ್ನಿಬ್ಬರನ್ನು ಕರೆದುಕೊಂಡೂ ಹೋಗುತ್ತಾರೆ.

ಮೂರು ಪ್ರೈಮರ್ (ಅಕ್ಷರ ಕಲಿಸುವ ಪುಸ್ತಕ), ಒಟ್ಟು 200 ಗಂಟೆ ಎನ್ನುವುದು ಮಿಷನ್ನಿನ ಲೆಕ್ಕ. ದಿನಕ್ಕೆ ಒಂದೂವರೆ ಗಂಟೆ, ವಾರಕ್ಕೆ ಐದು ದಿನ ಹಿಡಿದರೆ 27 ವಾರ. ಶನಿವಾರ ಬಟವಾಡೆ, ಭಾನುವಾರ ಸಂತೆ. ಆ ಎರಡು ದಿನ ಅಕ್ಕ ಬೀಗ ತೆಗೆಯುತ್ತಲೇ ಇರಲಿಲ್ಲ. ಜೂನ್‌ನಲ್ಲಿ ಮೊದಲ ಪ್ರೈಮರ್. ಕೊಡಗಿನ ಸುಗ್ಗಿ ಹಬ್ಬ ಹುತ್ತರಿಯೊಳಗೆ ಎರಡನೆಯದು ಮುಗಿಯಬೇಕು. ಆಮೇಲೆ ಅರೇಬಿಕಾ ಕಾಫಿಯ ಕುಯ್ಲು, ಅದರ ಬೆನ್ನಿಗೇ ರೋಬಸ್ಟಾದ್ದು. ಆಗ ಹೆಂಗಸರು ಕುಯ್ದ ಹಣ್ಣಿನ ತೂಕ ಮುಗಿಸಿ, ಕತ್ತಲಾದ ಮೇಲೆ ಮನೆ ಸೇರಿ ಒಲೆ ಹಚ್ಚಬೇಕು. ಪಾಠಕ್ಕೆ ಬಾ ಎಂದರೆ ಯಾರು ಬರುತ್ತಾರೆ? ಆ ತಿಂಗಳುಗಳಲ್ಲಿ ಪಾಠವೇ ತೂಕದ ಜಾಗಕ್ಕೆ ಹೋಗುತ್ತಿತ್ತು. ತೋಟದ ಲೆಕ್ಕ ಬರೆಯುವ ರೈಟರ್ ಕೊಟ್ಟ ಚೀಟಿಯಲ್ಲಿ ಕೆ.ಜಿ. ಎಷ್ಟು, ದರ ಎಷ್ಟು, ಮೊತ್ತ ಎಷ್ಟು ಎಂದು ಓದುವುದು, ವಾರದ ಚೀಟಿಗಳನ್ನು ಕೂಡಿಸಿ ಬಟವಾಡೆಗೆ ಮೊದಲೇ ಮೊತ್ತ ಹೇಳುವುದು. ಮೂರನೇ ಪ್ರೈಮರ್ ಕಾಫಿ ಹೂ ಅರಳಿಸುವ ಹೂಮಳೆ ಬಿದ್ದ ಮೇಲೆ, ಏಪ್ರಿಲ್‌ನಲ್ಲಿ. ಆರು ತಿಂಗಳ ಪಾಠಕ್ಕೆ ಹನ್ನೊಂದು ತಿಂಗಳು ಏಕೆ ಎಂದು ತಪಾಸಣೆಗೆ ಬಂದವರೊಬ್ಬರು ಕೇಳಿದಾಗ ಅಕ್ಕ, “ಸುತ್ತೋಲೆಯ ಒಂದು ಪ್ರತಿ ಕಾಫಿ ಗಿಡಕ್ಕೂ ಕಳಿಸಿ ಸಾರ್” ಎಂದರಂತೆ.

ದೀಪ ಮತ್ತು ಬೋರ್ಡು ಮಾಸ್ಟ್ರ ಇಲಾಖೆ. ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕರು, ಮಾತು ಕಡಿಮೆ, ಬೀಡಿ ಜಾಸ್ತಿ. ಜೂನ್, ಜುಲೈ ಎಂದರೆ ಕರೆಂಟಿನ ಮಾತೇ ಇಲ್ಲ. ಒಂದು ಲಾಟೀನಿಗೆ ನಾಲ್ಕೇ ಜನ. ಐದನೆಯವರು ಕೂತರೆ ಅವರ ನೆರಳು ಪಕ್ಕದವರ ಸ್ಲೇಟಿನ ಮೇಲೆ ಬೀಳುತ್ತದೆ. ಬಲಗೈಯಲ್ಲಿ ಬರೆಯುವವರಿಗೆ ಬೆಳಕು ಎಡಗಡೆಯಿಂದ ಬರಬೇಕು. ಬತ್ತಿಯ ಎರಡೂ ಮೂಲೆಗಳನ್ನು ಚೂರು ಇಳಿಸಿ ಕತ್ತರಿಸದಿದ್ದರೆ ಉರಿಗೆ ಕೋಡು ಮೂಡಿ ಗಾಜು ಕಪ್ಪಾಗುತ್ತದೆ. ಹೆಂಚಿನಿಂದ ಒಂದು ಹನಿ ಬಿಸಿ ಗಾಜಿಗೆ ಬಿದ್ದರೆ ಫಟ್ಟೆಂದು ಸೀಳುತ್ತದೆ. ಆದ್ದರಿಂದ ಯಾವ ಹೆಂಚು ಸೋರುತ್ತಿದೆ ಎಂದು ನೋಡಿಯೇ ಚಾಪೆ ಹಾಸುವುದು. ಪೆಟ್ರೋಮ್ಯಾಕ್ಸ್ ಒಂದಿತ್ತು, ಆದರೆ ಒಮ್ಮೆ ಉರಿದ ಮ್ಯಾಂಟಲ್ ಬರೀ ಬೂದಿ. ಹಾಡಿಗೆ ಹೊತ್ತೊಯ್ದರೆ ದಾರಿಯಲ್ಲೇ ಉದುರುತ್ತದೆ. ಸೀಮೆಸುಣ್ಣ ತೇವ ಹೀರಿ ಬೋರ್ಡಿನ ಮೇಲೆ ಜಾರದಿರಲಿ ಎಂದು ಡಬ್ಬಿಯನ್ನು ಅಕ್ಕನ ಮನೆಯ ಒಲೆಯ ಮೇಲಿನ ಅಟ್ಟದಲ್ಲಿ ಇಡುತ್ತಿದ್ದರು. ಪುಸ್ತಕದ ಟ್ರಂಕಿನ ತಳಕ್ಕೆ ಬಟ್ಟೆಯಲ್ಲಿ ಕಟ್ಟಿದ ಇದ್ದಿಲು.

ಇನ್ನು ಅಕ್ಷರ. ಅ ಆ ಇ ಈ ಎಂದು ಸಾಲು ಹಿಡಿದು ಹೋದರೆ ದೊಡ್ಡವರು ನಿಲ್ಲುವುದಿಲ್ಲ, ಮೊದಲ ವಾರವೇ ಅವರ ಕೈಗೆ ಪದ ಸಿಗಬೇಕು ಎನ್ನುತ್ತಿದ್ದರು ಅಕ್ಕ. ಶುರುವಿಗೆ ಗ, ರ, ಸ, ದ, ಅ. ಇಷ್ಟರಲ್ಲೇ ಸರ, ದರ, ಅಗಸ, ಅರಸ, ಗರಗಸ. ಕಾಗುಣಿತವಿಲ್ಲ, ಒತ್ತಿಲ್ಲ. ಆಮೇಲೆ ಮ, ನ, ಜ, ಬ: ಮರ, ಜನ, ಬರ, ನಗರ. ವ ಅಕ್ಷರವನ್ನು ಅಲ್ಲಿ ಬೇಕೆಂದೇ ಬಿಡುತ್ತಿದ್ದರು. ಮ ಮತ್ತು ವ ಒಟ್ಟಿಗೆ ಬಂದರೆ ಎರಡೂ ಕೆಡುತ್ತವೆ, ಪ, ಷ ಸೇರಿದರಂತೂ ಮುಗಿಯಿತು. ಗುಡಿಸು ಕಲಿಸಿದ ದಿನ ಬೋರ್ಡಿಗೆ ಬರುತ್ತಿದ್ದ ಪದ ‘ಮರಗಸಿ’. ತೋಟದಲ್ಲಿ ನೆರಳಿನ ಮರ ಹತ್ತಿ ಕೊಂಬೆ ಇಳಿಸುವವರು ತಮ್ಮದೇ ಕೆಲಸದ ಹೆಸರನ್ನು ಕೂಡಿಸಿ ಓದಿ, ಒಬ್ಬರ ಮುಖ ಒಬ್ಬರು ನೋಡಿ ನಗುತ್ತಿದ್ದರು. ‘ಕಾಫಿ’ ಎಂದು ಬರೆಯುವ ಆಸೆ ಎಲ್ಲರಿಗೂ, ಆದರೆ ಫ ಬರುವುದು ಬಹಳ ತಡ. ಅದಕ್ಕೆ ಕಾಯದೆ ಇಡೀ ಪದವನ್ನೇ ಚಿತ್ರವೆಂಬಂತೆ ಗುರುತು ಹಿಡಿಸಿಬಿಡುತ್ತಿದ್ದರು.

ಕತ್ತಿ ಹಿಡಿದು ಪಳಗಿದ ಕೈ ಬಳಪವನ್ನೂ ಕತ್ತಿಯಂತೆಯೇ ಹಿಡಿಯುತ್ತದೆ, ಎರಡು ಸಾಲು ಬರೆಯುವುದರೊಳಗೆ ಮೂರು ತುಂಡು. ಅದಕ್ಕೆ ಮೊದಲ ಮೂರು ದಿನ ಬಳಪವೇ ಇಲ್ಲ. ಮೊರದಲ್ಲಿ ಬೂದಿ ಹರಡಿ, ಬೆರಳಿನಿಂದ ಸೊನ್ನೆ, ಅರ್ಧ ಸೊನ್ನೆ, ಕೊಂಡಿ. ಕನ್ನಡದ ಅಕ್ಷರಗಳಲ್ಲಿ ಮುಕ್ಕಾಲುಪಾಲು ಇವೇ ತಾನೆ.

ಹಾಡಿಯಿಂದ ಬರುವ ಎರವರ ಮನೆಮಾತು ಕನ್ನಡವಲ್ಲ. ಚಿತ್ರ ತೋರಿಸಿ ಮೊದಲು ಅವರ ಮಾತಿನಲ್ಲಿ ಹೆಸರು ಹೇಳಿಸಬೇಕು, ಆಮೇಲೆ ಕನ್ನಡ ಪದ, ಕೊನೆಗೆ ಅಕ್ಷರ. ನೇರ ಅಕ್ಷರಕ್ಕೆ ಹಾರಿದ ಸ್ವಯಂಸೇವಕರ ಚಾಪೆ ಬೇಗ ಖಾಲಿಯಾಗುತ್ತಿತ್ತು. ಕಲಿಯುವವರು ಗಟ್ಟಿಯಾಗಿ ಓದುತ್ತಾರೆ, ಓದಿದ್ದು ಏನೆಂದು ಮಾತ್ರ ತಿಳಿಯುವುದಿಲ್ಲ.

ಎಲ್ಲಕ್ಕಿಂತ ದೊಡ್ಡ ಅಡ್ಡಿ ಕಣ್ಣು. ಬೋರ್ಡಿನ ಅಕ್ಷರವನ್ನು ಸರಿಯಾಗಿ ಹೇಳಿದವರು ಪುಸ್ತಕ ಹಿಡಿದೊಡನೆ ತಡವರಿಸಿದರೆ ಅದು ದಡ್ಡತನವಲ್ಲ, ಚಾಳೀಸು. ಪುಸ್ತಕವನ್ನು ಕೈ ಚಾಚಿದಷ್ಟು ದೂರ ಹಿಡಿಸಿ ನೋಡುವುದು; ಆಗ ಓದಿದರೆ ಕನ್ನಡಕ ಬೇಕು ಎಂದರ್ಥ. ನಲವತ್ತು ದಾಟಿದವರು ‘ನನಗೆ ಹತ್ತುವುದಿಲ್ಲ’ ಎಂದು ಬಿಟ್ಟುಹೋದಾಗೆಲ್ಲ ಅಕ್ಕ ಮೊದಲು ವಿಚಾರಿಸುತ್ತಿದ್ದುದು ಇದನ್ನೇ.

ತುಂಟತನದ ಒಂದು ಪ್ರಸಂಗ ಹೇಳದಿದ್ದರೆ ನನ್ನ ತಂಡದವರು ಬಿಡುವುದಿಲ್ಲ. ಒಂದು ಸಂಜೆ ಇಬ್ಬರು ಹುಡುಗರು ಬೋರ್ಡಿಗೆ ಮೇಣದ ಬತ್ತಿ ಉಜ್ಜಿಟ್ಟರು. ಮಾಸ್ಟ್ರು ಬರೆಯಲು ಹೋದರೆ ಸೀಮೆಸುಣ್ಣ ಹತ್ತುತ್ತಿಲ್ಲ. ಅವರು ಯಾರನ್ನೂ ಕೇಳಲಿಲ್ಲ. ಗೋಡೆಯ ಸುಣ್ಣದ ಮೇಲೆ ಇದ್ದಿಲಿನಲ್ಲಿ ಬರೆದು ಪಾಠ ಮುಗಿಸಿದರು. ಮರುದಿನ ಬೋರ್ಡಿಗೆ ಬಣ್ಣ ಕಟ್ಟುವ ‘ತರಬೇತಿ’ ಎಂದು ನಮ್ಮೆಲ್ಲರನ್ನೂ ಕರೆದರು. ತಗಡಿನ ಚೂರಿನಿಂದ ಮೇಣ ಹೆರೆಯುವುದು, ಉಳಿದದ್ದನ್ನು ಸೀಮೆಎಣ್ಣೆ ಬಟ್ಟೆಯಿಂದ ಒರೆಸಿ, ಬಿಸಿನೀರಿಗೆ ಸೋಪು ಹಾಕಿ ತೊಳೆಯುವುದು, ತೆಂಗಿನ ಚಿಪ್ಪಿನ ಇದ್ದಿಲನ್ನು ಅರೆದು ವಸ್ತ್ರಗಾಳಿಸುವುದು, ತೊಂಡೆ ಸೊಪ್ಪಿನ ರಸದಲ್ಲಿ ಕಲಸಿ ತೆಳುವಾಗಿ ಮೂರು ಸಲ ಬಳಿಯುವುದು, ಪ್ರತಿ ಸಲವೂ ಪೂರ್ತಿ ಒಣಗಿದ ಮೇಲೆಯೇ ಮುಂದಿನದು. ಮಳೆಗಾಲದಲ್ಲಿ ಒಣಗಲು ಎಷ್ಟು ಹೊತ್ತು ಬೇಕು ಎಂದು ಗೊತ್ತಲ್ಲ! ಅಷ್ಟು ದಿನವೂ ಸಂಜೆ ಬೋರ್ಡಿನ ಮುಂದೆ ಕಾವಲು ಕೂತವರು ಯಾರು ಎಂದು ಬೇರೆ ಹೇಳಬೇಕಿಲ್ಲ. ಕೆಂಡಾಮಂಡಲವಾಗುತ್ತಿದ್ದ ಹಗಲಿನ ಶಿಕ್ಷಕರ ಬೆತ್ತಕ್ಕೆ ಬಗ್ಗದವರು ಇದಕ್ಕೆ ಬಗ್ಗಿದರು.

ಹೆಸರು ಬರೆಯಲು ಬಂದೊಡನೆ ಅರ್ಧ ಜನ ನಿಲ್ಲಿಸಿಬಿಡುತ್ತಾರೆ. ಹೆಬ್ಬೆಟ್ಟು ತಪ್ಪಿತಲ್ಲ, ಸಾಕು! ಮಿಷನ್ನಿನ ಅಳತೆ ಬೇರೆಯಿತ್ತು: ನಿಮಿಷಕ್ಕೆ 30 ಪದ ಗಟ್ಟಿಯಾಗಿ ಓದಬೇಕು, 7 ಪದ ನೋಡಿ ಬರೆಯಬೇಕು, 5 ಪದ ಕೇಳಿ ಬರೆಯಬೇಕು, ಮೂರಂಕಿಯ ಕೂಡು, ಕಳೆ ಮಾಡಬೇಕು. ಮಾಸ್ಟ್ರು ಕೈಗಡಿಯಾರ ಬಿಚ್ಚಿ ಮುಂದಿಟ್ಟುಕೊಂಡು ಅಳೆಯುತ್ತಿದ್ದರು. ಒಂದು ಪದ ಕಡಿಮೆಯಾದರೂ ಪುಸ್ತಕದಲ್ಲಿ ಅಷ್ಟೇ ನಮೂದು. ಸಹಿಯಲ್ಲೇ ನಿಂತವರನ್ನು ಎಳೆದು ತರಲು ಅಕ್ಕ ಕಂಡುಕೊಂಡದ್ದು ಗೋಡೆ ಪತ್ರಿಕೆ. ವಾರಕ್ಕೊಮ್ಮೆ, ಹೆಬ್ಬೆರಳಿನಷ್ಟು ದಪ್ಪ ಅಕ್ಷರದಲ್ಲಿ ಕಾಫಿ, ಕರಿಮೆಣಸಿನ ಧಾರಣೆ, ಬಸ್ಸಿನ ಹೊತ್ತು, ಅರ್ಜಿಗೆ ಕೊನೆಯ ದಿನ, ಆನೆ ಯಾವ ತೋಟದಲ್ಲಿದೆ ಎಂಬ ಸುದ್ದಿ. ಮೊದಲು ಜನ ಸೇರುತ್ತಿದ್ದುದು ಆನೆಯ ಸುದ್ದಿಗೆ. ಅದನ್ನು ಬರೆಯುವ ಕೆಲಸ ನನ್ನದು; ನನ್ನ ಕೈಬರಹ ಇವತ್ತಿಗೂ ದುಂಡಗಿದೆ ಎಂದು ಬ್ಯಾಂಕಿನವರು ಹೇಳುತ್ತಾರೆ.

2009ರಲ್ಲಿ ಮಿಷನ್ನಿನ ಹೊಸ ರೂಪವಾಗಿ ಸಾಕ್ಷರ ಭಾರತ ಕಾರ್ಯಕ್ರಮ ಬಂದಾಗ, 2001ರ ಗಣತಿಯಲ್ಲಿ ವಯಸ್ಕ ಮಹಿಳೆಯರ ಸಾಕ್ಷರತೆ ಶೇ. 50 ಅಥವಾ ಅದಕ್ಕಿಂತ ಕಡಿಮೆ ಇದ್ದ ಜಿಲ್ಲೆಗಳಿಗೆ ಎಂದು ಗೆರೆ ಎಳೆದರು. ಕೊಡಗು ಆ ಗೆರೆಗಿಂತ ಬಹಳ ಮೇಲಿತ್ತು. 2011ರ ಗಣತಿಯಲ್ಲಿ ಜಿಲ್ಲೆಯ ಸಾಕ್ಷರತೆ ಶೇ. 82.61. ಸರಾಸರಿ ಚೆನ್ನಾಗಿದ್ದದ್ದೇ ಹಾಡಿಗಳಿಗೆ ಕೇಡಾಯಿತು ಎಂದು ಅಕ್ಕ ಗೊಣಗುತ್ತಿದ್ದರು. ಈಗಿನ ವಯಸ್ಕರ ಸಾಕ್ಷರತೆಯ ಉಲ್ಲಾಸ್ ಕಾರ್ಯಕ್ರಮದಲ್ಲಿ ಓದು, ಬರಹ, ಲೆಕ್ಕಕ್ಕೆ ತಲಾ 50ರಂತೆ 150 ಅಂಕದ ಪರೀಕ್ಷೆ ಇದೆ, ಮೊಬೈಲಿನಲ್ಲಿ ಪಾಠವೂ ಇದೆ. ಇರಲಿ. ಚಾಪೆಯಿಂದ ಎದ್ದುಹೋದವರ ಮನೆಗೆ ಮರುದಿನ ಹೋಗಿ ಕಾರಣ ಕೇಳುವ ಕೆಲಸ ಮೊಬೈಲಿನದಲ್ಲ.

ಹಳೆಯ ವಿದ್ಯಾರ್ಥಿಗಳ ಸಂಘ ಶಾಲೆಯ ಮುಂದೆ ಕಮಾನು ಕಟ್ಟಿಸಿ ಅಕ್ಕ, ಮಾಸ್ಟ್ರ ಹೆಸರಿಡಬೇಕೆಂಬ ಮಾತು ನಡೆಯುತ್ತಿದೆ. ನನ್ನ ಸಲಹೆ ಬೇರೆ. ಓದುವ ಕನ್ನಡಕ ಕೊಳ್ಳಿ: +1.5, +2, +2.5, ಒಂದೊಂದರಲ್ಲಿ ಇಪ್ಪತ್ತು. ಜೊತೆಗೆ ನಾಲ್ಕು ಸೌರ ಲಾಟೀನು, ಮೂಲೆ ಕೊಠಡಿಯ ಸೋರುವ ಹೆಂಚು ಬದಲಿಸಲು ಒಂದು ದಿನದ ಕೂಲಿ. ಮೇ ಕೊನೆಯೊಳಗೆ ಆಗಬೇಕು, ಜೂನ್ ಬಂದರೆ ಮಾಡಿನ ಮೇಲೆ ಹತ್ತಲಾಗುವುದಿಲ್ಲ. ಲೆಕ್ಕ ನಾನೇ ಇಡುತ್ತೇನೆ.