ವೇವ್‌ಗೈಡ್ ಒಂದೇ, ಟಾಲರೆನ್ಸ್ ಮಾತ್ರ ಬೇರೆ ಬೇರೆ

ಸರ್ಕ್ಯೂಟ್ ಬೋರ್ಡ್‌ನಲ್ಲಿ ತಾಮ್ರದ ಗೆರೆಗಳ ಜೊತೆಗೆ ಬೆಳಕಿಗೂ ದಾರಿ ಹಾಕುವುದು ನಮ್ಮ ಕೆಲಸ. ಡೇಟಾ ವೇಗ ಹೆಚ್ಚಿದಷ್ಟೂ ತಾಮ್ರದಲ್ಲಿ ಸಿಗ್ನಲ್ ಜಾಸ್ತಿ ಕರಗುತ್ತದೆ, ಅದಕ್ಕೇ ಈ ಪಾಲಿಮರ್ ವೇವ್‌ಗೈಡ್, ಅಂದರೆ ಬೆಳಕನ್ನು ಒಯ್ಯುವ ಪ್ಲಾಸ್ಟಿಕ್ ಗೆರೆ. ನಮ್ಮ ಬೋರ್ಡಿನ ಗೈಡ್‌ಗಳ ಕೋರ್, ಅಂದರೆ ಬೆಳಕು ಹರಿಯುವ ನಡುಭಾಗ, 50 ಮೈಕ್ರಾನ್ ಅಗಲ, 50 ಮೈಕ್ರಾನ್ ಎತ್ತರ (ಮೈಕ್ರಾನ್ ಅಂದರೆ ಮಿಲಿಮೀಟರ್‌ನ ಸಾವಿರದಲ್ಲಿ ಒಂದು ಪಾಲು). ಒಂದರಿಂದ ಇನ್ನೊಂದಕ್ಕೆ 250 ಮೈಕ್ರಾನ್. ಎಳೆಗಳನ್ನು ಪಟ್ಟಿಯಂತೆ ಸಾಲಾಗಿ ಜೋಡಿಸಿದ ರಿಬ್ಬನ್ ಫೈಬರ್‌ನಲ್ಲೂ ಅಂತರ ಅಷ್ಟೇ ಇರುವುದರಿಂದ ಅದೇ ಕನೆಕ್ಟರ್ ಬಳಸಬಹುದು.

ಆವತ್ತು ಅಲೈನ್‌ಮೆಂಟ್ ಟಾಲರೆನ್ಸ್ ಅಳೆಯುವುದಿತ್ತು. ಅಂದರೆ ಫೈಬರ್ ತುದಿಯನ್ನು ಗೈಡ್‌ನ ಬಾಯಿಗೆ ಹಿಡಿದು, ಪವರ್ ಜಾಸ್ತಿ ಬರುವ ಜಾಗ ಹುಡುಕಿ, ಅಲ್ಲಿಂದ ಮೈಕ್ರಾನ್ ಲೆಕ್ಕದಲ್ಲಿ ಪಕ್ಕಕ್ಕೆ ಸರಿಸುತ್ತಾ ಪವರ್ 1 ಡಿಬಿ ಇಳಿಯುವುದು ಎಲ್ಲಿ ಅಂತ ನೋಡುವುದು. 1 ಡಿಬಿ ಅಂದರೆ ಬೆಳಕಿನ ಐದನೇ ಒಂದು ಪಾಲು ಹೋಯಿತು ಅಂತ. ಲೇಸರ್ 850 ನ್ಯಾನೋಮೀಟರ್‌ನದು.

ಮೊದಲು ತೆಳು ಕೋರ್‌ನ ಸಿಂಗಲ್ ಮೋಡ್ ಫೈಬರ್ ಹಾಕಿದೆವು. ಎಷ್ಟು ಸರಿಸಿದರೆ ಎಷ್ಟು ಪವರ್ ಅಂತ ತೋರಿಸುವ ಕರ್ವ್ ಮೇಜಿನ ಹಾಗೆ ಚಪ್ಪಟೆ ಬಂತು. ಎಷ್ಟು ಸರಿಸಿದರೂ ಪವರ್ ಅಲುಗಲಿಲ್ಲ, ಕೋರ್‌ನ ಅಂಚು ಹತ್ತಿರವಾದಾಗ ಮಾತ್ರ ದಬಕ್ಕನೆ ಬಿತ್ತು. ಆಮೇಲೆ 50 ಮೈಕ್ರಾನ್ ಕೋರ್‌ನ ಮಲ್ಟಿಮೋಡ್ ಫೈಬರ್ ಹಾಕಿದೆವು. ಈಗ ಚಪ್ಪಟೆ ಭಾಗವೇ ಇಲ್ಲ.

"ಮೇಡಂ, ಗೈಡ್ ಅದೇ ಅಲ್ವಾ? ಫೈಬರ್ ಬದಲಿಸಿದ್ದಕ್ಕೆ ಕರ್ವ್ ಯಾಕೆ ಇಷ್ಟು ಚೂಪಾಯ್ತು?" ಅಂತ ಕೇಳಿದಳು, ಲ್ಯಾಬ್‌ಗೆ ಹೊಸದಾಗಿ ಸೇರಿದ ಹುಡುಗಿ.

"ಬಾಯಿ ಎಷ್ಟು ದೊಡ್ಡದು ಅಂತ ಮಾತ್ರ ಅಲ್ಲಮ್ಮ, ಬೀಳ್ತಿರೋ ಬೆಳಕು ಎಷ್ಟು ದೊಡ್ಡದು ಅಂತಾನೂ ನೋಡು" ಅಂದೆ. ಪೇಪರ್ ತೆಗೆದು 50 ಮೈಕ್ರಾನ್ ಚೌಕದ ಮೇಲೆ ಅಷ್ಟೇ ವ್ಯಾಸದ ವೃತ್ತ ಬರೆದೆವು. ಸ್ವಲ್ಪ ಸರಿಸಿದರೂ ವೃತ್ತದ ಒಂದು ಚೂರು ಹೊರಗೆ ಬೀಳುತ್ತದೆ. ಬೆಳಕು ಎಲ್ಲೆಡೆ ಸಮವಾಗಿ ಹರಡಿದೆ ಅಂದುಕೊಂಡರೆ, ಐದನೇ ಒಂದು ಪಾಲು ಹೊರಬೀಳಲು ಸುಮಾರು 13 ಮೈಕ್ರಾನ್ ಸಾಕು. ತೆಳು ಫೈಬರ್‌ನ ಚುಕ್ಕೆ 20 ಮೈಕ್ರಾನ್ ಸರಿದರೂ ಒಳಗೇ ಇರುತ್ತದೆ.

ಇದಕ್ಕೇ ನನಗೆ ಈ ವಿಷಯದಲ್ಲಿ ಹಟ. ಯಾರಾದರೂ ಬರೇ "ಟಾಲರೆನ್ಸ್ ಇಷ್ಟು" ಅಂತ ಒಂದು ಅಂಕಿ ಕೊಟ್ಟರೆ, ಬೆಳಕು ಕೊಟ್ಟಿದ್ದು ಯಾವುದರಿಂದ, ಹಿಡಿದಿದ್ದು ಯಾವುದರಿಂದ, ನಡುವೆ ಗ್ಯಾಪ್ ಎಷ್ಟು ಅಂತ ಹೇಳದೆ ಇದ್ದರೆ, ನಾನು ಅದನ್ನು ಡಿಸೈನ್‌ಗೆ ತೆಗೆದುಕೊಳ್ಳುವುದಿಲ್ಲ. ಗ್ಯಾಪ್ ಕೂಡ ಸಣ್ಣ ವಿಷಯವಲ್ಲ. ವಿಕ್ಸೆಲ್ (ಚಿಪ್‌ನ ಮೇಲ್ಮೈಯಿಂದ ನೇರವಾಗಿ ಬೆಳಕು ಹೊರಬಿಡುವ) ಲೇಸರ್‌ನ ಬಾಯಿ 10 ಮೈಕ್ರಾನ್ ಆಸುಪಾಸು ಇದ್ದರೂ ಬೆಳಕು ಹೊರಗೆ ಬಂದ ಕೂಡಲೇ ಹರಡುತ್ತದೆ, ಲೆನ್ಸ್ ಇಲ್ಲದೆ 100 ಮೈಕ್ರಾನ್ ದೂರ ಬಿಟ್ಟರೆ ಚುಕ್ಕೆ ಕೋರ್‌ನಷ್ಟೇ ದೊಡ್ಡದಾಗಿರುತ್ತದೆ, ಅಲ್ಲಿಗೆ ಪಕ್ಕಕ್ಕೆ ಸರಿಯುವ ಸ್ವಾತಂತ್ರ್ಯವೂ ಹೋಯಿತು. ಇನ್ನು ಆ ತುದಿಯಲ್ಲಿ ಬೆಳಕು ಹಿಡಿಯುವ ಡಿಟೆಕ್ಟರ್ ಗೈಡ್‌ಗಿಂತ ದೊಡ್ಡದಿದ್ದರೆ ಆರಾಮ. ಆದರೆ ವೇಗ ಹೆಚ್ಚಬೇಕಾದರೆ ಅದರ ಕೆಪಾಸಿಟೆನ್ಸ್ (ಚಾರ್ಜ್ ಹಿಡಿದಿಟ್ಟುಕೊಳ್ಳುವ ಗುಣ) ಕಡಿಮೆ ಆಗಬೇಕು, ಅದಕ್ಕಾಗಿ ಡಿಟೆಕ್ಟರ್ ಚಿಕ್ಕದಾಗುತ್ತದೆ. ಹಾಗಾಗಿ ವೇಗಕ್ಕೆ ಬೆಲೆ ತೆರುವುದು ಅಲೈನ್‌ಮೆಂಟ್‌ನಲ್ಲಿ.

ಮಧ್ಯಾಹ್ನ ಊಟ ಮಾಡುವಾಗ ಅವಳು ಬಿಸಿಯ ಬಗ್ಗೆ ಕೇಳಿದಳು. ಎಫ್‌ಆರ್4 (ಗಾಜಿನ ನಾರು, ಎಪಾಕ್ಸಿ ಸೇರಿದ ಮಾಮೂಲಿ) ಬೋರ್ಡ್ ಒಂದು ಡಿಗ್ರಿಗೆ ಹತ್ತು ಲಕ್ಷದಲ್ಲಿ ಸುಮಾರು 15 ಪಾಲು ಹಿಗ್ಗುತ್ತದೆ. 10 ಸೆಂಟಿಮೀಟರ್ ಬೋರ್ಡ್ 50 ಡಿಗ್ರಿ ಬಿಸಿಯಾದರೆ 75 ಮೈಕ್ರಾನ್! ಅವಳ ಮುಖ ಸಪ್ಪಗಾಯಿತು. ಆದರೆ ಕನೆಕ್ಟರ್ ಬೋರ್ಡಿನ ಜೊತೆಗೇ ಸರಿಯುತ್ತದೆ, ಲೆಕ್ಕಕ್ಕೆ ಬರುವುದು ಕನೆಕ್ಟರ್‌ನ ನಡುವಿನಿಂದ ಕೊನೆಯ ಗೈಡ್‌ಗೆ ಇರುವ ದೂರ ಮಾತ್ರ. 12 ಗೈಡ್‌ಗಳಿದ್ದರೆ ಅದು 1.4 ಮಿಲಿಮೀಟರ್‌ಗಿಂತ ಕಡಿಮೆ. ಹಿಗ್ಗುವುದು ಬರೀ 1 ಮೈಕ್ರಾನ್‌ನಷ್ಟು.

ನನಗೆ ನಿಜವಾದ ಭಯ ಇರುವುದು ಡ್ರಿಲ್ ಬಗ್ಗೆ. ಕನೆಕ್ಟರ್ ಪಿನ್‌ಗೆ ಮಾಮೂಲಿ ಬೋರ್ಡ್‌ನಂತೆ ರಂಧ್ರ ಕೊರೆದರೆ 50 ಮೈಕ್ರಾನ್ ಆಚೀಚೆ ಬೀಳಬಹುದು. ತಾಮ್ರಕ್ಕೆ ಅದು ಏನೂ ಅಲ್ಲ. ನಮಗೆ ಅದು ಇಡೀ ಕೋರ್‌ನ ಅಗಲ. ಅದಕ್ಕೇ ಸಂಜೆ ಇಬ್ಬರೂ ಕೂತು ಹೊಸ ಮಾಸ್ಕ್, ಅಂದರೆ ಬೆಳಕು ಹಾಯಿಸಿ ಪದರದ ಮೇಲೆ ಆಕಾರ ಮೂಡಿಸುವ ಅಚ್ಚು, ಬರೆದೆವು. ಕನೆಕ್ಟರ್ ಕೂರಿಸುವ ಗುರುತುಗಳನ್ನು ತಾಮ್ರದ ಪದರದಿಂದ ತೆಗೆದು ಕೋರ್‌ನ ಪದರಕ್ಕೇ ಹಾಕಿದೆವು. ಗೈಡ್ ಮತ್ತು ಗುರುತು ಒಂದೇ ಮಾಸ್ಕ್‌ನಲ್ಲಿ, ಒಂದೇ ಎಕ್ಸ್‌ಪೋಶರ್‌ನಲ್ಲಿ ಮೂಡಿದರೆ ಅವುಗಳ ನಡುವೆ ಪದರ ಜೋಡಿಸುವ ತಪ್ಪು ನುಸುಳುವುದಿಲ್ಲ. ಟಾಲರೆನ್ಸ್ ಪಟ್ಟಿಯಲ್ಲಿ ಪ್ರತಿ ಸಾಲಿನ ಮುಂದೆ ಫೈಬರ್, ಗ್ಯಾಪ್, ಡಿಟೆಕ್ಟರ್ ಅಂತ ಮೂರು ಕಾಲಂ ಅವಳೇ ಸೇರಿಸಿದಳು.