ವಾಲ್ಟ್ಸ್ ಕಲಿಯುವವರಿಗೆ ಮೊದಲ ಪ್ರಶ್ನೆ: ಮೈಭಾರ ಈಗ ಯಾವ ಕಾಲಿನ ಮೇಲಿದೆ?

ಜೋಡಿಯಾಗಿ ಕುಣಿಯುವ ಬಾಲ್‌ರೂಮ್ ಡ್ಯಾನ್ಸಿನ ಗ್ರೂಪ್ ಕ್ಲಾಸಿಗೆ ಹೊಸದಾಗಿ ಸೇರುವವರಿಗೆ ಸಾಮಾನ್ಯವಾಗಿ ಇರುವ ಹೆದರಿಕೆ, ಇಷ್ಟೊಂದು ಹೆಜ್ಜೆ ನೆನಪಿಟ್ಟುಕೊಳ್ಳೋದು ಹೇಗಪ್ಪಾ ಅಂತ. ನೆನಪಿಡುವುದು ಅಷ್ಟೇನೂ ಕಷ್ಟವಲ್ಲ. ಅದರಲ್ಲೊಂದು ಬಗೆಯಾದ ವಾಲ್ಟ್ಸಿನ ಬಾಕ್ಸ್ ಸ್ಟೆಪ್‌ನಲ್ಲಿ (ಚೌಕಾಕಾರದ ಹೆಜ್ಜೆ) ಇರುವುದೇ ಆರು ಹೆಜ್ಜೆ; ಒಂದು ಕ್ಲಾಸ್ ಮುಗಿಯುವಷ್ಟರಲ್ಲಿ ಬಾಯಿಪಾಠ ಆಗಿರುತ್ತದೆ. ಆದರೂ ಹಾಡು ಹಾಕಿದ ಕೂಡಲೇ ಕಾಲು ತೊಡರುತ್ತದೆ. ಬಹಳ ಸಲ ಅದಕ್ಕೆ ಕಾರಣ ಮರೆವಲ್ಲ. ಮೈಭಾರ ಒಂದು ಕಾಲಿನಿಂದ ಇನ್ನೊಂದಕ್ಕೆ ಪೂರ್ತಿ ದಾಟಿರುವುದಿಲ್ಲ.

ಬಾಕ್ಸ್ ಸ್ಟೆಪ್ಪನ್ನೇ ಬಿಡಿಸಿ ನೋಡೋಣ. ಲೀಡ್ ಮಾಡುವವರು, ಅಂದರೆ ಜೋಡಿಯನ್ನು ನಡೆಸುವವರು, ಒಂದನೇ ಎಣಿಕೆಗೆ ಎಡಗಾಲು ಮುಂದಿಡುತ್ತಾರೆ, ಎರಡಕ್ಕೆ ಬಲಗಾಲು ಬಲಕ್ಕೆ, ಮೂರಕ್ಕೆ ಎಡಗಾಲು ಬಂದು ಬಲಗಾಲನ್ನು ಕೂಡುತ್ತದೆ. ಮತ್ತೆ ಒಂದಕ್ಕೆ ಬಲಗಾಲು ಹಿಂದೆ, ಎರಡಕ್ಕೆ ಎಡಗಾಲು ಎಡಕ್ಕೆ, ಮೂರಕ್ಕೆ ಬಲಗಾಲು ಬಂದು ಕೂಡುತ್ತದೆ. ಫಾಲೋ ಮಾಡುವವರು ಇದನ್ನೇ ಎರಡನೇ ಅರ್ಧದಿಂದ ಶುರುಮಾಡುತ್ತಾರೆ: ಮೊದಲು ಬಲಗಾಲು ಹಿಂದೆ, ಆಮೇಲೆ ಎಡಗಾಲು ಮುಂದೆ. ಎರಡನೇ ಹೆಜ್ಜೆಯಲ್ಲಿ ಕಾಲು ನೇರವಾಗಿ ಮೂಲೆಗೆ ಹಾರಬಾರದು. ಮೊದಲು ಭಾರ ಹೊತ್ತ ಕಾಲಿನ ಪಕ್ಕಕ್ಕೆ ಬಂದು, ಅಲ್ಲಿಂದ ಪಕ್ಕಕ್ಕೆ ಸರಿಯಬೇಕು. ಓರೆಯಾಗಿ ಹೋದರೆ ಚೌಕ ಹೋಗಿ ತ್ರಿಕೋನವಾಗುತ್ತದೆ, ಎದುರಿನವರ ಮಂಡಿಗೆ ಮಂಡಿ ತಾಗುತ್ತದೆ.

ಎಡವಟ್ಟಾಗುವುದು ಮೂರನೇ ಎಣಿಕೆಯಲ್ಲಿ. ಎಡಗಾಲು ಬಂದು ಬಲಗಾಲಿನ ಪಕ್ಕ ನಿಲ್ಲುತ್ತದೆ, ನೋಡಿದವರಿಗೆ ಎಲ್ಲ ಸರಿಯಾಗೇ ಕಾಣುತ್ತದೆ. ಆದರೆ ಭಾರ ಇನ್ನೂ ಬಲಗಾಲಿನ ಮೇಲೆಯೇ ಕೂತಿದೆ. ಮುಂದಿನ ಒಂದಕ್ಕೆ ಹಿಂದೆ ಹೋಗಬೇಕಾದದ್ದು ಅದೇ ಬಲಗಾಲು. ಮೈ ಪೂರ್ತಿ ಅದರ ಮೇಲಿದ್ದರೆ ಅದು ಎಲ್ಲಿಗೆ ಹೋಗಬೇಕು? ಹಗುರವಾಗಿರುವ ಎಡಗಾಲೇ ಹೊರಡುತ್ತದೆ, ಇಬ್ಬರೂ ಗಕ್ಕನೆ ನಿಲ್ಲುತ್ತಾರೆ. ಪರೀಕ್ಷೆ ಸುಲಭ. ಮೂರಕ್ಕೆ ಕಾಲು ಕೂಡಿಸಿದ ಮೇಲೆ ಮೈ ಅಲ್ಲಾಡಿಸದೆ ಮುಂದಿನ ಹೆಜ್ಜೆ ಇಡಬೇಕಾದ ಕಾಲನ್ನು ನೆಲದಿಂದ ಒಂದು ಇಂಚು ಎತ್ತಿ ನೋಡಿ. ಎತ್ತಲು ಬಂದರೆ ಭಾರ ದಾಟಿದೆ. ವಾಲಬೇಕಾಗಿ ಬಂದರೆ ದಾಟಿಲ್ಲ. ಮೊದಲ ವಾರವಿಡೀ ಇದೊಂದನ್ನೇ ಮಾಡಿದರೂ ಸಮಯ ದಂಡವಲ್ಲ.

ಕಾಲು ನೋಡಿಕೊಂಡು ಕುಣಿಯುವುದರಿಂದ ಈ ತಪ್ಪು ಹೆಚ್ಚುತ್ತದೆ. ತಲೆಯ ತೂಕವೇ ನಾಲ್ಕೈದು ಕಿಲೋ. ಅದು ಮುಂದಕ್ಕೆ ಬಾಗಿದರೆ ಸೊಂಟ ಹಿಂದಕ್ಕೆ ಹೋಗುತ್ತದೆ, ಎದುರಿನವರ ಮೇಲೆ ಭಾರ ಬೀಳುತ್ತದೆ. ಎದುರಿನವರ ಬಲ ಹೆಗಲಿನ ಆಚೆ, ಕಣ್ಣಿನ ಮಟ್ಟದಲ್ಲಿ ದೃಷ್ಟಿ ಇರಲಿ.

ಹಿಡಿತದ ವಿಷಯದಲ್ಲಿ ಅಳತೆ ಮುಖ್ಯ. ಲೀಡರ್‌ನ ಬಲ ಅಂಗೈ ಫಾಲೋವರ್‌ನ ಬೆನ್ನಿನ ಎಡಭಾಗದಲ್ಲಿ, ಹೆಗಲಿನ ಅಗಲ ಮೂಳೆಯ ಮೇಲೆ, ಸೊಂಟದ ಮೇಲಲ್ಲ. ಫಾಲೋವರ್‌ನ ಎಡಗೈ ಲೀಡರ್‌ನ ಬಲದೋಳಿನ ಮೇಲೆ ಹಗುರವಾಗಿ. ಇನ್ನೆರಡು ಕೈ ಸೇರುವುದು ಗಿಡ್ಡಗಿರುವವರ ಕಣ್ಣಿನ ಎತ್ತರದಲ್ಲಿ. ಮೂಗಿಗೆ ಮೂಗು ನೇರ ನಿಲ್ಲಬೇಡಿ. ಇಬ್ಬರೂ ತಮ್ಮ ತಮ್ಮ ಎಡಕ್ಕೆ ಸ್ವಲ್ಪ ಸರಿದು ನಿಂತರೆ ಒಬ್ಬೊಬ್ಬರ ಬಲಗಾಲೂ ಎದುರಿನವರ ಎರಡು ಪಾದಗಳ ನಡುವಿನ ಜಾಗಕ್ಕೆ ಹೋಗುತ್ತದೆ. ಕಾಲು ತುಳಿಯುವುದು ಅರ್ಧಕ್ಕರ್ಧ ಇಲ್ಲೇ ನಿಂತುಹೋಗುತ್ತದೆ. ಉಳಿದ ಅರ್ಧಕ್ಕೆ ಕಾರಣ ಹೆಜ್ಜೆಯ ಉದ್ದ: ಹಿಂದೆ ಹೋಗುವವರು ಮಂಡಿಯಿಂದಲ್ಲ, ಸೊಂಟದಿಂದ ಕಾಲು ಚಾಚಬೇಕು, ಬೆರಳು ಮೊದಲು ನೆಲಕ್ಕೆ ತಾಗಬೇಕು. ಮುಂದೆ ಬರುವವರು ಪಾದವನ್ನಷ್ಟೇ ಮುಂದೆ ಎಸೆಯದೆ ಎದೆಯನ್ನೂ ಜೊತೆಗೆ ತರಬೇಕು. ಮೈ ಬಂದರೆ ಎದುರಿನವರಿಗೆ ಸೂಚನೆ ಸಿಗುತ್ತದೆ. ಬರೀ ಪಾದ ಬಂದರೆ ಸಿಗುವುದು ಏಟು.

ಕೈಯಿಂದ ದೂಡಿ ಲೀಡ್ ಮಾಡುವುದು ಇನ್ನೊಂದು ಕೆಟ್ಟ ಅಭ್ಯಾಸ. ತೋಳುಗಳು ಚೌಕಟ್ಟು ಮಾತ್ರ. ಮೈ ತಿರುಗಿದಾಗ ಚೌಕಟ್ಟು ಜೊತೆಗೆ ತಿರುಗುತ್ತದೆ. ಹೆಬ್ಬೆರಳು ಎದುರಿನವರ ಕೈಯನ್ನು ಒತ್ತುತ್ತಿದೆಯೇ, ಹೆಗಲು ಕಿವಿಯ ಕಡೆ ಏರಿದೆಯೇ ಎಂದು ಆಗಾಗ ನೋಡಿಕೊಳ್ಳಿ. ಎರಡರಲ್ಲಿ ಒಂದಿದ್ದರೂ ಎದುರಿನವರಿಗೆ ನಿಮ್ಮ ಮೈಯ ಚಲನೆ ತಿಳಿಯುವುದಿಲ್ಲ.

ತಾಳಕ್ಕೆ ಬರೋಣ. ವಾಲ್ಟ್ಸ್ ಮೂರು ಎಣಿಕೆಯದು, ನಿಮಿಷಕ್ಕೆ 28ರಿಂದ 30 ಬಾರ್ (ಮೂರು ಎಣಿಕೆಯ ಒಂದು ಸುತ್ತು), ಅಂದರೆ 84ರಿಂದ 90 ಬೀಟ್. ಹೊಸಬರಿಗೆ ಇದು ಜೋರೇ. ಟಕ್ ಟಕ್ ಎಂದು ಲಯ ಕೊಡುವ ಮೆಟ್ರೊನೋಮ್ ಆ್ಯಪ್‌ನಲ್ಲಿ 60ಕ್ಕೆ ಇಟ್ಟು ಶುರುಮಾಡಿ, ನಾಲ್ಕು ನಾಲ್ಕರಂತೆ ಏರಿಸಿ. ಹಾಡಿನಲ್ಲಿ 'ಒಂದು' ಹುಡುಕಲು ರಾಗದ ಹಿಂದೆ ಹೋಗಬೇಡಿ, ಕೆಳಗಿನ ಬೇಸ್ ಕೇಳಿ. ದಪ್ಪ ಪೆಟ್ಟು ಬೀಳುವುದು ಒಂದಕ್ಕೆ. ವಿಕ್ಟರ್ ಸಿಲ್ವೆಸ್ಟರ್ 1935ರಲ್ಲಿ ಹುಟ್ಟುಹಾಕಿದ ವಾದ್ಯವೃಂದದ ರೆಕಾರ್ಡ್‌ಗಳು ಅಭ್ಯಾಸಕ್ಕೆ ಇವತ್ತಿಗೂ ಹೇಳಿಮಾಡಿಸಿದಂತಿವೆ. ಕುಣಿಯುವವರಿಗಾಗಿಯೇ ಲಯ ಕದಲದಂತೆ ನುಡಿಸಿದ ಸಂಗೀತ ಅದು. ಅವರು ಸ್ವತಃ ಬಾಲ್‌ರೂಮ್ ಚಾಂಪಿಯನ್ ಆಗಿದ್ದವರು.

ಇದೇ ಕ್ಲಾಸಿನಲ್ಲಿ ಕಲಿಸುವ ಬೇರೆ ನೃತ್ಯಗಳಲ್ಲೂ ಎಣಿಕೆಯೇ ಮುಖ್ಯ. ಫಾಕ್ಸ್‌ಟ್ರಾಟ್‌ನಲ್ಲಿ ಸ್ಲೋ ಎಂದರೆ ಎರಡು ಬೀಟ್, ಕ್ವಿಕ್ ಎಂದರೆ ಒಂದು. ಸ್ಲೋ ಹೆಜ್ಜೆಯನ್ನು ಅವಸರಿಸದಿದ್ದರೆ ಸಾಕು. ಚಾ ಚಾ ಚಾದಲ್ಲಿ ತೊಂದರೆ ಬೇರೆ. 'ಎರಡು, ಮೂರು, ನಾಲ್ಕು-ಮತ್ತೆ-ಒಂದು' ಎನ್ನುವಾಗ 'ನಾಲ್ಕು', 'ಮತ್ತೆ' ಎರಡಕ್ಕೂ ಅರ್ಧರ್ಧ ಬೀಟ್ ಮಾತ್ರ. ನಾಲ್ಕಕ್ಕೆ ದೊಡ್ಡ ಹೆಜ್ಜೆ ಇಟ್ಟರೆ ಕಾಲು ಕೂಡಿಸುವಷ್ಟರಲ್ಲಿ 'ಒಂದು' ದಾಟಿಹೋಗಿರುತ್ತದೆ. ಒಂದು ಪಾದದ ಉದ್ದಕ್ಕಿಂತ ಜಾಸ್ತಿ ಪಕ್ಕಕ್ಕೆ ಹೋಗಬೇಡಿ.

ಗ್ರೂಪ್ ಕ್ಲಾಸಿನಲ್ಲಿ ಕೆಲವು ನಿಮಿಷಕ್ಕೊಮ್ಮೆ ಜೋಡಿ ಬದಲಿಸುತ್ತಾರೆ. ಜೊತೆಯಾಗಿ ಬಂದವರು ಇದನ್ನು ತಪ್ಪಿಸಿಕೊಳ್ಳಲು ನೋಡುತ್ತಾರೆ. ನನಗಂತೂ ಅದು ದೊಡ್ಡ ನಷ್ಟ ಎನಿಸುತ್ತದೆ. ಒಬ್ಬರ ಜೊತೆಗೇ ಕಲಿತರೆ ಇಬ್ಬರೂ ಪರಸ್ಪರರ ತಪ್ಪಿಗೆ ಹೊಂದಿಕೊಂಡುಬಿಡುತ್ತಾರೆ, ತಪ್ಪು ಕಾಣುವುದೇ ಇಲ್ಲ. ಇನ್ನೊಂದು ಮಾತು: ಮುಂದಿನ ಹೆಜ್ಜೆ ಏನೆಂದು ಟೀಚರ್ ಮೊದಲೇ ಹೇಳಿರುವುದರಿಂದ ಫಾಲೋವರ್ ತಾನಾಗಿಯೇ ಹೊರಟುಬಿಡುತ್ತಾರೆ, ಲೀಡರ್‌ಗೆ ತನ್ನ ಲೀಡ್ ಕೆಲಸ ಮಾಡಿದೆ ಎಂಬ ಭ್ರಮೆ. ಫಾಲೋವರ್ ಅರೆಕ್ಷಣ ಕಾದು, ಎದುರಿನ ಮೈ ಹೊರಟ ಮೇಲೆ ಹೊರಟರೆ ಇಬ್ಬರಿಗೂ ನಿಜ ತಿಳಿಯುತ್ತದೆ. ಮತ್ತೆ, ಜೋಡಿಯವರನ್ನು ತಿದ್ದಲು ಹೋಗಬೇಡಿ. ಅದು ಟೀಚರ್ ಕೆಲಸ.

ರಬ್ಬರ್ ಸೋಲಿನ ಸ್ಪೋರ್ಟ್ಸ್ ಶೂ ಬೇಡವೇ ಬೇಡ. ತಿರುಗುವಾಗ ಶೂ ನೆಲಕ್ಕೆ ಕಚ್ಚಿಕೊಳ್ಳುತ್ತದೆ, ಮೈ ತಿರುಗುತ್ತದೆ, ನಡುವೆ ತಿರುಚಿಕೊಳ್ಳುವುದು ಮಂಡಿ. ಡ್ಯಾನ್ಸ್ ಶೂಗಳ ತಳ ಸ್ವೇಡ್‌ನದು, ಅಂದರೆ ಮೇಲ್ಮೈ ಜೂಲಿನಂತಿರುವ ಚರ್ಮದ್ದು. ಶುರುವಿಗೆ ನುಣುಪಾದ ಚರ್ಮದ ಸೋಲಿನ, ಹಿಮ್ಮಡಿ ಬಿಗಿಯಾಗಿರುವ ಶೂ ಸಾಕು. ಬರೀ ಸಾಕ್ಸ್ ಹಾಕಿಕೊಂಡರೆ ಜಾರಿ ಬೀಳುತ್ತೀರಿ. ಸ್ವೇಡ್ ಕೊಂಡ ಮೇಲೆ ಅದನ್ನು ರಸ್ತೆಗೆ ಹಾಕಬೇಡಿ. ತಳ ಮಿರುಗಲು ಶುರುವಾದರೆ ತಂತಿ ಬ್ರಷ್‌ನಲ್ಲಿ ಉಜ್ಜಿ.

ಡ್ಯಾನ್ಸ್ ಹಾಲ್‌ನಲ್ಲಿ ಎಲ್ಲರೂ ಅಪ್ರದಕ್ಷಿಣೆಯಾಗಿ ಸಾಗುತ್ತಾರೆ. ಹೆಜ್ಜೆ ತಪ್ಪಿದರೆ ಅಂಚಿನಲ್ಲೇ ನಿಂತು ಚರ್ಚಿಸದೆ ನಡುವಿಗೆ ಸರಿಯಿರಿ.

ಮನೆಯಲ್ಲಿ ದಿನಕ್ಕೆ ಹತ್ತು ನಿಮಿಷ, ಒಬ್ಬರೇ. ನೆಲಕ್ಕೆ ಟೇಪ್ ಅಂಟಿಸಿ ಸುಮಾರು ಒಂದೂವರೆ ಅಡಿಯ ಚೌಕ ಮಾಡಿಕೊಳ್ಳಿ, ಮೊದಲು ಬಾಯಲ್ಲಿ ಎಣಿಸುತ್ತಾ, ಆಮೇಲೆ ಹಾಡಿನೊಂದಿಗೆ. ನಡುವೆ ಎಲ್ಲಾದರೂ ಹಾಡನ್ನು ತಟ್ಟನೆ ನಿಲ್ಲಿಸಿ, ಅಲ್ಲೇ ನಿಂತು ಕೇಳಿಕೊಳ್ಳಿ: ಈಗ ಯಾವ ಕಾಲು ಹಗುರ? ಉತ್ತರ ತಡವಾದರೆ ಎರಡು ಹೆಜ್ಜೆ ಹಿಂದಿನಿಂದ ಮತ್ತೆ ಎಣಿಸಿ.