ನಾನೂರು ಪೌಂಡಿಗೆ ಕೂಗಿದ ಕೇಪಿನ ಕೋವಿ

ಕಳೆದ ಚಳಿಗಾಲದಲ್ಲಿ ಇಲ್ಲಿ ಇಂಗ್ಲೆಂಡಿನ ಹರಾಜೊಂದರಲ್ಲಿ ನಾನೊಂದು ಕೋವಿ ತೆಗೆದುಕೊಂಡೆ. ಹೆದರಬೇಡಿ, ಹಂದಿ ಹೊಡೆಯೋಕಲ್ಲ. ಬರ್ಮಿಂಗ್‌ಹ್ಯಾಮ್‌ನಲ್ಲಿ ಮಾಡಿದ ಜೋಡಿ ನಳಿಗೆಯ ಕೇಪಿನ ಕೋವಿ ಅದು. ನೂರೈವತ್ತು ವರ್ಷಕ್ಕಿಂತ ಹಳೆಯದು. ಈಗ ಗೋಡೆ ಮೇಲಿದೆ. ಸವಾಲು ಕೂಗಿದ್ದು 400 ಪೌಂಡಿಗೆ. ಕೊಟ್ಟಿದ್ದು ಎಷ್ಟು ಅನ್ನುವುದೇ ಈ ಬರಹದ ಕಥೆ.

ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ ಅಜ್ಜನ ಕಾಲದ ಒಂಟಿ ನಳಿಗೆ ಕೋವಿ ಇತ್ತು. ಬೆಳೆ ರಕ್ಷಣೆಯ ಲೈಸೆನ್ಸು. ನಳಿಗೆಯ ಬಾಯಿಂದ ಮದ್ದಿನ ಮಸಿ ತುಂಬಿ, ಗಜದ ಕೋಲಿನಲ್ಲಿ ಜಡಿದು, ಕಿಡಿ ಹೊತ್ತಿಸುವ ಪುಟ್ಟ ಕೇಪು ಇಟ್ಟು ಹೊಡೆಯುವಷ್ಟರಲ್ಲಿ ಮಂಗಗಳು ಪಕ್ಕದ ತೋಟಕ್ಕೆ ಹೋಗಿರುತ್ತಿದ್ದವು. ಎಲೆಕ್ಷನ್ ಬಂತು ಅಂದರೆ ಅಪ್ಪ ಅದನ್ನು ಸ್ಟೇಷನ್ನಿಗೆ ಹೊತ್ತುಕೊಂಡು ಹೋಗಿ ಡೆಪಾಸಿಟ್ ಮಾಡಿ ರಸೀದಿ ತರುತ್ತಿದ್ದರು. ಕೋವಿ ಅಂದರೆ ಕಾಗದಪತ್ರದ ತಲೆನೋವು ಅಂತಲೇ ನಾನು ಬೆಳೆದಿದ್ದು.

ಹಾಗಾಗಿ ಇಂಗ್ಲೆಂಡಿನ ಹರಾಜಿನ ಕೆಟಲಾಗಿನಲ್ಲಿ ಕೋವಿಯ ಫೋಟೋ ಕೆಳಗೆ 'ಸೆಕ್ಷನ್ 58, ಲೈಸೆನ್ಸ್ ಬೇಕಿಲ್ಲ' ಅಂತ ಓದಿದಾಗ ನಂಬಲಾಗಲಿಲ್ಲ. ಇದು 1968ರ ಫೈರ್‌ಆರ್ಮ್ಸ್ ಕಾಯ್ದೆಯ ಮಾತು. ಹಳೆಯ ಕೋವಿಯನ್ನು ಅಪರೂಪದ ವಸ್ತುವಾಗಿ ಅಥವಾ ಅಲಂಕಾರಕ್ಕೆ ಇಟ್ಟುಕೊಳ್ಳುವವರಿಗೆ ರಿಯಾಯಿತಿ ಉಂಟು. 2021ರಲ್ಲಿ ನಿಯಮ ಬಿಗಿ ಮಾಡಿ, 1939ರ ಸೆಪ್ಟೆಂಬರ್ 1ಕ್ಕೆ ಮೊದಲು ತಯಾರಾಗಿರಬೇಕು ಅಂತ ಗೆರೆ ಎಳೆದರು. ಹೊಡೆಯುವ ಆಸೆ ಇದ್ದರೆ ಮಾತ್ರ ಸರ್ಟಿಫಿಕೇಟ್ ಬೇಕೇ ಬೇಕು. ನನಗೆ ಅಂಥ ಆಸೆ ಇರಲಿಲ್ಲ. ಕೂಗಿಯೇಬಿಟ್ಟೆ.

ಮನೆಯಲ್ಲೇ ಕೂತು ಲ್ಯಾಪ್‌ಟಾಪಿನಲ್ಲಿ. ಅಲ್ಲೇ ಎಡವಿದ್ದು.

ನಮ್ಮೂರ ದೇವಸ್ಥಾನದಲ್ಲಿ ಹಬ್ಬ ಮುಗಿದ ಮೇಲೆ ಬಾಳೆಗೊನೆ, ತೆಂಗಿನಕಾಯಿ ಸವಾಲಿಗೆ ಹಾಕುತ್ತಾರೆ. ಒಂದು ಸಲ, ಎರಡು ಸಲ, ಮೂರು ಸಲ. ಮುನ್ನೂರಕ್ಕೆ ಕೂಗಿದರೆ ಮುನ್ನೂರು ಎಣಿಸಿ ಗೊನೆ ಹೆಗಲಿಗೇರಿಸಿದರೆ ಆಯಿತು. ನನ್ನ ತಲೆಯಲ್ಲಿದ್ದದ್ದು ಆ ಹರಾಜು. ಇಲ್ಲಿ ಸುತ್ತಿಗೆ ಬಿದ್ದಾಗ ಬರುವ ಬೆಲೆಗೆ ಹ್ಯಾಮರ್ ಪ್ರೈಸ್ ಅಂತಾರೆ. ಲೆಕ್ಕ ಶುರುವಾಗುವುದೇ ಆಮೇಲೆ.

ಮರುದಿನ ಬಿಲ್ಲು ಬಂತು. ಸುತ್ತಿಗೆ ಬೆಲೆ 400. ಅದರ ಮೇಲೆ ಬಯರ್ಸ್ ಪ್ರೀಮಿಯಂ, ಅಂದರೆ ಕೊಳ್ಳುವವನಿಂದ ಹರಾಜು ಮನೆ ತೆಗೆದುಕೊಳ್ಳುವ ಕಮಿಷನ್, ಶೇ. 25. ಅದು 100. ಆ ನೂರರ ಮೇಲೆ ಶೇ. 20 ವ್ಯಾಟ್, 20 ಪೌಂಡ್. ಆನ್‌ಲೈನಿನಲ್ಲಿ ಕೂಗಿದ್ದಕ್ಕೆ ಆ ವೆಬ್‌ಸೈಟಿನ ಪಾಲು ಶೇ. 4.95. ಅದು 19.80. ಅದರ ಮೇಲೂ ವ್ಯಾಟ್, 3.96. ಒಟ್ಟು 543.76. ಕೊರಿಯರ್ ಇನ್ನೂ ಸೇರಿಲ್ಲ! ಹರಾಜು ಮನೆಯವರು ತಾವೇ ಪ್ಯಾಕ್ ಮಾಡಿ ಕಳಿಸುವುದಿಲ್ಲ, ಬೇರೆಯವರ ನಂಬರ್ ಕೊಡುತ್ತಾರೆ. ಆ ಬೇರೆಯವರು 45 ಪೌಂಡ್ ಕೇಳಿದರು. ಒಂದು ವಾರದೊಳಗೆ ಎತ್ತದಿದ್ದರೆ ದಿನದ ಬಾಡಿಗೆ ಬೇರೆ.

ಸಿಟ್ಟಿನಲ್ಲಿ ಫೋನ್ ಮಾಡಿದೆ. ಆ ಹುಡುಗಿ ತುಂಬ ಮರ್ಯಾದೆಯಿಂದ, ಎಲ್ಲವೂ ಷರತ್ತುಗಳ ಪುಟದಲ್ಲಿದೆ ಸರ್ ಅಂದಳು. ಇತ್ತು. ಓದಿದ್ದರೆ ತಾನೆ.

ಇಂಥ ವಸ್ತುಗಳಿಗೆ ಸಾಮಾನ್ಯವಾಗಿ ಸುತ್ತಿಗೆ ಬೆಲೆಯ ಮೇಲೆ ವ್ಯಾಟ್ ಇಲ್ಲ. ಸೆಕೆಂಡ್‌ಹ್ಯಾಂಡ್ ಮಾಲು, ಮಾರುವವರೂ ಹೆಚ್ಚಾಗಿ ಮನೆಯ ಜನ. ವ್ಯಾಟ್ ಬೀಳುವುದು ಹರಾಜು ಮನೆಯ ಕಮಿಷನ್ನಿನ ಮೇಲೆ ಮಾತ್ರ. ಆದರೆ ಕೆಟಲಾಗಿನಲ್ಲಿ ವಸ್ತುವಿನ ಲಾಟ್ ನಂಬರಿನ ಪಕ್ಕ ಸಣ್ಣ ಕಠಾರಿಯ ಗುರುತು ಇದ್ದರೆ ಪೂರ್ತಿ ಬೆಲೆಯ ಮೇಲೂ ಶೇ. 20 ಕಟ್ಟಬೇಕು. ನಕ್ಷತ್ರದ ಗುರುತು ಇದ್ದರೆ ಅದು ಹೊರದೇಶದಿಂದ ಮಾರಾಟಕ್ಕೆಂದೇ ತಂದ ವಸ್ತು, ಆಮದಿನ ಲೆಕ್ಕದಲ್ಲಿ ಸುತ್ತಿಗೆ ಬೆಲೆ ಮೇಲೆ ಶೇ. 5 ಸೇರುತ್ತದೆ. ಈಗ ನಾನು ಕೋವಿಯ ಕುದುರೆ (ಕೇಪಿನ ಮೇಲೆ ಬಡಿಯುವ ಭಾಗ), ನಳಿಗೆ ನೋಡುವ ಮೊದಲು ಈ ಗುರುತು ಇದೆಯಾ ಅಂತ ನೋಡುತ್ತೇನೆ.

ಕೊಳ್ಳುವವನ ಹತ್ತಿರ ಕಮಿಷನ್ ಕೇಳುವ ಈ ಪದ್ಧತಿ ಮೊದಲಿನಿಂದ ಬಂದದ್ದೇನಲ್ಲ. ಲಂಡನ್ನಿನ ದೊಡ್ಡ ಹರಾಜು ಮನೆಗಳಾದ ಕ್ರಿಸ್ಟೀಸ್ ಮತ್ತು ಸೋಥಬೀಸ್ 1975ರಲ್ಲಿ ಇದನ್ನು ತಂದವು. ಆಗ ಶೇ. 10. ಅದಕ್ಕೂ ಮೊದಲು ಅಲ್ಲಿ ಕಮಿಷನ್ ಹೋಗುತ್ತಿದ್ದದ್ದು ಮಾರುವವನ ಜೇಬಿನಿಂದ. ಹಳೆ ಸಾಮಾನಿನ ವ್ಯಾಪಾರಿಗಳು ದೊಡ್ಡ ಗಲಾಟೆ ಮಾಡಿದರು, ಪ್ರೀಮಿಯಂ ಮಾತ್ರ ಉಳಿಯಿತು. ಉಳಿದದ್ದಷ್ಟೇ ಅಲ್ಲ, ಬೆಳೆಯಿತು ಕೂಡ.

ಮಾರುವವನ ಕಮಿಷನ್ ಹೋಯಿತಾ? ಇಲ್ಲ. ಅದೂ ಇದೆ. ಶೇ. 15 ಅಂತ ಇಟ್ಟುಕೊಳ್ಳಿ. ನನ್ನ ಕೋವಿ ಕೊಟ್ಟವರಿಗೆ 400ರಲ್ಲಿ 60 ಕಮಿಷನ್, 12 ವ್ಯಾಟ್ ಮುರಿದು 328 ಸಿಗುತ್ತದೆ. ನಾನು ಕೊಟ್ಟದ್ದು 543.76. ನಡುವೆ 215.76 ಪೌಂಡ್ ಮಾಯ. ಅದರಲ್ಲಿ ಸರ್ಕಾರದ್ದೂ ವೆಬ್‌ಸೈಟಿನದ್ದೂ ಪಾಲಿದೆ, ಒಪ್ಪಿದೆ. ಅಡಿಕೆ ಮಂಡಿಯಿಂದ ಅಪ್ಪ ತರುತ್ತಿದ್ದ ಪಟ್ಟಿ ನೆನಪಾಯಿತು. ಹಮಾಲಿ, ತೂಕ, ದಲ್ಲಾಳಿ ಅಂತ ಕೆಳಗೆ ಸಾಲುಸಾಲು ಕಳೆಯುವ ಲೆಕ್ಕ. ಮಂಡಿಯವರನ್ನು ಬೈದುಕೊಂಡೇ ಅಪ್ಪ ಜೀವನ ಕಳೆದರು. ಇಲ್ಲಿಯ ದಲ್ಲಾಳಿಗಳು ಎರಡೂ ಕಡೆಯಿಂದ ತೆಗೆದುಕೊಳ್ಳುತ್ತಾರೆ ಅಂತ ಹೇಳಿದರೆ ಅವರಿಗೆ ಸ್ವಲ್ಪ ಸಮಾಧಾನ ಆದೀತು.

ನನಗೆ ಕಿರಿಕಿರಿ ಆಗುವುದು ಹಣಕ್ಕಲ್ಲ. ಕೆಟಲಾಗ್ ಮಾಡಬೇಕು, ಫೋಟೋ ತೆಗೆಯಬೇಕು, ಕೋವಿಯ ಮರ ಒಡೆದಿದೆಯಾ ನೋಡಬೇಕು, ಅದಕ್ಕೆಲ್ಲ ಖರ್ಚಿದೆ. ಆದರೆ ಹರಾಜು ಮನೆ ಮಾರುವವನ ಪರ ಕೆಲಸ ಮಾಡುವುದು. ನನ್ನ ಪರ ಅಲ್ಲ. ನನಗಾಗಿ ಮಾಡದ ಕೆಲಸಕ್ಕೆ ನನ್ನ ಹತ್ತಿರ ಶೇ. 25 ತೆಗೆದುಕೊಳ್ಳುವುದು ಯಾವ ನ್ಯಾಯ? ಕೊನೆಗೆ ಅದು ಮಾರುವವನಿಗೇ ಕುತ್ತು. ಲೆಕ್ಕ ಗೊತ್ತಿರುವವನು ಅಷ್ಟು ಕಡಿಮೆಗೆ ಕೂಗಿ ಸುಮ್ಮನಾಗುತ್ತಾನೆ. ಗೊತ್ತಿಲ್ಲದವನು ನನ್ನ ಹಾಗೆ ಬಿಲ್ಲು ನೋಡಿ ಕೂರುತ್ತಾನೆ.

ಟೆಕ್ಸಾಸಿನಲ್ಲಿರುವ ನನ್ನ ಚಿಕ್ಕಪ್ಪನ ಮಗನಿಗೂ ಇದೇ ಹುಚ್ಚು. ಅಲ್ಲಿ 1898 ಅಥವಾ ಅದಕ್ಕೂ ಮೊದಲು ತಯಾರಾದದ್ದು ಆಂಟಿಕ್, ಫೆಡರಲ್ ಕಾನೂನಿನ ಪ್ರಕಾರ ಅದು ಬಂದೂಕೇ ಅಲ್ಲ. ಅದಕ್ಕಿಂತ ಹೊಸದಾದರೆ ಲೈಸೆನ್ಸ್ ಇರುವ ಡೀಲರ್ ಮೂಲಕ ತರಿಸಬೇಕು, ಅವನದ್ದೊಂದು ಫೀಸು. ಕಾರ್ಡಿನ ಬದಲು ಚೆಕ್ ಕೊಟ್ಟರೆ ಪ್ರೀಮಿಯಂ ಕೆಲವು ಕಡೆ ಸ್ವಲ್ಪ ಇಳಿಯುತ್ತದಂತೆ. ಸೇಲ್ಸ್ ಟ್ಯಾಕ್ಸ್ ಮಾತ್ರ ಪ್ರೀಮಿಯಂ ಸೇರಿಸಿದ ಮೊತ್ತದ ಮೇಲೆ ಬೀಳುತ್ತದೆ.

ಈ ಪ್ರೀಮಿಯಂ ಗೊತ್ತಾದ ಮೇಲೆ ಟಿಪ್ಪುವಿನ ಸುದ್ದಿಗಳನ್ನು ಓದುವ ರೀತಿಯೇ ಬದಲಾಯಿತು. 2023ರ ಮೇ ತಿಂಗಳಲ್ಲಿ ಲಂಡನ್ನಿನ ಬೋನಮ್ಸ್ ಹರಾಜು ಮನೆಯಲ್ಲಿ ಟಿಪ್ಪುವಿನ ಕತ್ತಿ 1,40,80,900 ಪೌಂಡಿಗೆ ಹೋಯಿತು ಅಂತ ನಮ್ಮ ಪತ್ರಿಕೆಗಳಲ್ಲೂ ಬಂತು. ಆ ಬಾಲದಲ್ಲಿರುವ 900 ನೋಡಿ. ಅಷ್ಟು ಎತ್ತರದಲ್ಲಿ ಯಾರೂ ಒಂಬೈನೂರಕ್ಕೆ ಕೂಗುವುದಿಲ್ಲ, ಲಕ್ಷ ಲಕ್ಷಕ್ಕೆ ಹಾರುತ್ತಾರೆ. ಸಂಖ್ಯೆ ಹೀಗೆ ಮುರಿದುಕೊಂಡಿದ್ದರೆ ಪ್ರೀಮಿಯಂ ಸೇರಿದೆ ಅಂತ ಅರ್ಥ. ಅದೇ 2019ರ ಮಾರ್ಚ್‌ನಲ್ಲಿ ಬರ್ಕ್‌ಷೈರ್‌ನಲ್ಲಿ ಟಿಪ್ಪುವಿನ ಬೆಳ್ಳಿ ಕೆಲಸದ ಕೋವಿಯೊಂದು ಹರಾಜಾಯಿತು. ಈಸ್ಟ್ ಇಂಡಿಯಾ ಕಂಪನಿಯ ಮೇಜರ್ ಥಾಮಸ್ ಹಾರ್ಟ್ ಶ್ರೀರಂಗಪಟ್ಟಣದಿಂದ ತಂದದ್ದು, ವಂಶದವರ ಅಟ್ಟದಲ್ಲಿ ಸಿಕ್ಕಿದ್ದು. ಸುದ್ದಿಯಲ್ಲಿ ಬಂದ ಬೆಲೆ 60,000 ಪೌಂಡ್. ಇಷ್ಟು ದುಂಡಗಿನ ಸಂಖ್ಯೆ ಸುತ್ತಿಗೆ ಬೆಲೆಯೇ ಇರಬೇಕು ಅಂತ ನನ್ನ ಊಹೆ. ಕೊಂಡವರು ಬರೆದ ಚೆಕ್ಕು ಅದಕ್ಕಿಂತ ಉದ್ದವಾಗಿಯೇ ಇದ್ದೀತು.

ಈಗ ನಾನು ಮಾಡುವುದು ಸುಲಭದ ಕೆಲಸ. ಹಿಂದಿನಿಂದ ಲೆಕ್ಕ ಹಾಕುತ್ತೇನೆ. ನನ್ನ ಬಿಲ್ಲಿನಲ್ಲಿ 400 ಹೋಗಿ 543.76 ಆಯಿತಲ್ಲ, ಅಂದರೆ ಸುಮಾರು 1.36 ಪಟ್ಟು. ಕೈಯಲ್ಲಿ 500 ಪೌಂಡ್ ಇದ್ದರೆ ಅದನ್ನು 1.36ರಿಂದ ಭಾಗಿಸುತ್ತೇನೆ. ಸುಮಾರು 367 ಬರುತ್ತದೆ. ಸವಾಲು ಇಪ್ಪತ್ತಿಪ್ಪತ್ತರಲ್ಲಿ ಏರುವುದರಿಂದ 360ಕ್ಕೆ ನಿಲ್ಲಿಸುತ್ತೇನೆ. ಖುದ್ದಾಗಿ ಹೋದರೆ ವೆಬ್‌ಸೈಟಿನ ಪಾಲು ಉಳಿಯುತ್ತದೆ, 1.3 ಸಾಕು. ಕೋವಿಯನ್ನು ಕೈಯಲ್ಲಿ ಹಿಡಿದು ನೋಡಲೂ ಸಿಗುತ್ತದೆ. ಹೋದ ತಿಂಗಳು ಹಾಗೆ ಹೋಗಿ, ಏನೂ ಕೊಳ್ಳದೆ, ಚಹಾ ಕುಡಿದು ಬಂದೆ. ಪೆಟ್ರೋಲ್ ಖರ್ಚು ಲೆಕ್ಕ ಹಾಕಲಿಲ್ಲ.

ಕೋವಿ ಬಂದ ದಿನ ಅಪ್ಪನಿಗೆ ವಿಡಿಯೋ ಕಾಲ್ ಮಾಡಿ ತೋರಿಸಿದೆ. ಬೆಲೆ ಕೇಳುತ್ತಾರೆ, ಯಾವುದನ್ನು ಹೇಳಲಿ ಅಂತ ಯೋಚಿಸಿಟ್ಟಿದ್ದೆ. ಅವರು ಕನ್ನಡಕ ಸರಿ ಮಾಡಿಕೊಂಡು ಎರಡೂ ಕುದುರೆ ಎತ್ತಿ ತೋರಿಸು ಅಂದರು. ನಳಿಗೆ ತಿರುಗಿಸು ಅಂದರು. ಆಮೇಲೆ ಕೇಳಿದರು: "ಅಲ್ಲ ಮಾರಾಯ, ಅಲ್ಲಿ ಎಲೆಕ್ಷನ್ ಬಂದ್ರೆ ಇದನ್ನ ಎಲ್ಲಿ ಕೊಟ್ಟು ಬರ್ತೀಯ?"